ಒಂದು ರಾಗದಿಂದ ಮೊದಲಾಗುವ ಸಂಗ್ರಹ

ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳನ್ನು ಕೂಡಿಡಬೇಕೆಂಬ ಆಸೆ ಹುಟ್ಟಿದ ಹೊಸ ಕೇಳುಗರಿಗೆ ಸಾಮಾನ್ಯವಾಗಿ ದೊರೆಯುವ ಸಲಹೆಯೆಂದರೆ ದೊಡ್ಡ ವಿದ್ವಾಂಸರ ಹೆಸರುಗಳ ಒಂದು ಪಟ್ಟಿ. ಆ ಪಟ್ಟಿಯಲ್ಲಿನ ಪ್ರತಿಯೊಂದು ಹೆಸರೂ ಗೌರವಕ್ಕೆ ಅರ್ಹವಾದುದೇ ಆಗಿದ್ದರೂ, ಅದನ್ನು ಹಿಡಿದು ಹೊರಟವರು ಕೆಲವೇ ದಿನಗಳಲ್ಲಿ ನೂರಾರು ಗಂಟೆಗಳ ಸಂಗೀತವನ್ನು ಒಟ್ಟುಮಾಡಿಕೊಂಡು, ಯಾವುದನ್ನು ಮೊದಲು ಕೇಳಬೇಕು, ಒಂದನ್ನು ಕೇಳಿದ ಮೇಲೆ ಇನ್ನೊಂದರಲ್ಲಿ ಏನನ್ನು ಗಮನಿಸಬೇಕು ಎಂಬುದು ತಿಳಿಯದೆ ಎಲ್ಲವನ್ನೂ ಬದಿಗಿಟ್ಟುಬಿಡುವುದೇ ಹೆಚ್ಚು. ರಾಶಿಗೂ ಸಂಗ್ರಹಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ: ಸಂಗ್ರಹದಲ್ಲಿ ಒಂದು ಧ್ವನಿಮುದ್ರಣ ಇನ್ನೊಂದನ್ನು ಅರ್ಥಮಾಡಿಸುತ್ತದೆ. ಅಂಥ ಸಂಬಂಧವನ್ನು ಕಟ್ಟಿಕೊಳ್ಳಲು ಭಾರತೀಯ ಸಂಗೀತದಲ್ಲಿ ರಾಗಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲವಾದ್ದರಿಂದ, ಹೊಸಬರ ಸಂಗ್ರಹ ಒಬ್ಬ ಕಲಾವಿದರಿಂದಾಗಲಿ ಒಂದು ಘರಾಣೆಯಿಂದ, ಅಂದರೆ ಹಿಂದೂಸ್ತಾನಿ ಗಾಯನದ ಒಂದು ಗುರುಪರಂಪರೆಯಿಂದ, ಆಗಲಿ ಮೊದಲಾಗದೆ, ಒಂದೇ ಒಂದು ರಾಗದಿಂದ ಮೊದಲಾಗಬೇಕು ಎಂಬುದು ಈ ಭಾಷಣದ ಪ್ರತಿಪಾದನೆ.

ಈ ಮಾತಿಗೆ ನಮ್ಮ ಸಂಗೀತದ ಸ್ವರೂಪವೇ ಕಾರಣವನ್ನು ಒದಗಿಸುತ್ತದೆ. ವಾಗ್ಗೇಯಕಾರರು, ಅಂದರೆ ಸಾಹಿತ್ಯವನ್ನೂ ಅದರ ಸ್ವರರೂಪವಾದ ಧಾತುವನ್ನೂ ತಾವೇ ರಚಿಸಿದವರು, ಕಟ್ಟಿಕೊಟ್ಟು ಗುರುಶಿಷ್ಯ ಪರಂಪರೆಯಲ್ಲಿ ಇಳಿದುಬಂದಿರುವ ಭಾಗವನ್ನು ಕಲ್ಪಿತ ಸಂಗೀತವೆಂದೂ, ಹಾಡುವ ಗಳಿಗೆಯಲ್ಲಿ ಕಲಾವಿದರು ತಮ್ಮ ಕಲ್ಪನೆಯಿಂದ ಬೆಳೆಸುವ ಭಾಗವನ್ನು ಮನೋಧರ್ಮ ಸಂಗೀತವೆಂದೂ ಶಾಸ್ತ್ರಕಾರರು ಕರೆಯುತ್ತಾರೆ. ತಾಳವಿಲ್ಲದೆ ರಾಗವನ್ನು ವಿಸ್ತರಿಸುವ ಆಲಾಪನೆ, ಕೃತಿಯ ಒಂದು ಸಾಲನ್ನು ತಾಳದೊಳಗೆ ಬಗೆಬಗೆಯಾಗಿ ಬೆಳೆಸುವ ನೆರವಲು, ಸ್ವರಕಲ್ಪನೆ ಮುಂತಾದವೆಲ್ಲ ಎರಡನೆಯ ಬಗೆಗೆ ಸೇರಿದವಾದ್ದರಿಂದ, ಒಬ್ಬರೇ ಗಾಯಕರು ಒಂದೇ ರಾಗವನ್ನು ಎರಡು ಸಂಜೆ ಹಾಡಿದರೆ ಅವು ಎರಡು ಬೇರೆ ಬೇರೆ ಸಂಗೀತಗಳೇ ಆಗುತ್ತವೆ. ಅಚ್ಚಾದ ಕಾದಂಬರಿಯೊಂದರ ಒಂದು ಪ್ರತಿ ಕೈಯಲ್ಲಿದ್ದರೆ ಕಾದಂಬರಿ ಪೂರ್ಣವಾಗಿ ಕೈಸೇರಿದಂತೆಯೇ. ಆದರೆ ಕಲ್ಯಾಣಿ ರಾಗದ ಒಂದು ಮುದ್ರಣವಷ್ಟೇ ಇದ್ದವರಲ್ಲಿ ಕಲ್ಯಾಣಿ ಇದೆ ಎಂದು ಹೇಳಲಾಗದು, ಅವರಲ್ಲಿರುವುದು ಒಬ್ಬರು ಒಂದು ದಿನ ಕಂಡ ಕಲ್ಯಾಣಿ. ಎರಡನೆಯದೂ ಮೂರನೆಯದೂ ಸೇರಿದಾಗ ಮಾತ್ರ ಎಲ್ಲದರಲ್ಲೂ ಉಳಿಯುವುದು ಯಾವುದು, ಬದಲಾಗುವುದು ಯಾವುದು ಎಂಬ ವಿವೇಚನೆ ಕಿವಿಗೆ ಸಾಧ್ಯವಾಗುತ್ತದೆ.

ರಾಗವನ್ನು ಆರಿಸುವ ಮೊದಲು ಧ್ವನಿಮುದ್ರಣದ ಚರಿತ್ರೆಯನ್ನು ಸ್ವಲ್ಪ ಅರಿಯುವುದು ಅವಶ್ಯ, ಏಕೆಂದರೆ ಯಾವ ಕಾಲದ ಮುದ್ರಣದಲ್ಲಿ ಎಷ್ಟು ಸಂಗೀತ ಹಿಡಿಸುತ್ತಿತ್ತು ಎಂಬುದು ಆ ಸಂಗೀತದ ರೂಪವನ್ನೇ ನಿರ್ಧರಿಸಿದೆ. ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಿಗಿಂತ ಕೊಂಚ ಹೆಚ್ಚು ಸಂಗೀತ ಮಾತ್ರ ಹಿಡಿಯುತ್ತಿತ್ತು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ಕೊನೆಯುಸಿರೆಳೆದ ಆ ಗಾಯಕಿ, ಗಂಟೆಗಟ್ಟಲೆ ಹರಿಯುವ ಸಂಗೀತವನ್ನು ಮೂರು ನಿಮಿಷಗಳಲ್ಲಿ ಅಂಗಹೀನವಾಗದಂತೆ ನಿಲ್ಲಿಸುವ ಕಲೆಯನ್ನು ಮೊದಲು ಸಾಧಿಸಿದವರಲ್ಲಿ ಒಬ್ಬರು. ಆ ಕಾಲದಲ್ಲಿ ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕಾಗಿದ್ದು, ದನಿಯ ಕಂಪನವೇ ನೇರವಾಗಿ ಮೊಳೆಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತಾದ್ದರಿಂದ, ತಂಬೂರಿಯಂತಹ ಮೆಲುದನಿಯ ವಾದ್ಯಗಳು ಅದರಲ್ಲಿ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ವಿದ್ಯುತ್ತಿನ ಮೈಕ್ರೋಫೋನು 1925ರ ಸುಮಾರಿಗೆ ಬಳಕೆಗೆ ಬಂದ ನಂತರ ಈ ಕೊರತೆ ನೀಗಿತು. ಆದಕಾರಣ ಹೊಸ ಕೇಳುಗರು ಅತಿ ಹಳೆಯ ತಟ್ಟೆಗಳ ಮೋಹವನ್ನು ಸದ್ಯಕ್ಕೆ ತಡೆದು, 1930ರ ದಶಕದಿಂದ ಈಚಿನವುಗಳನ್ನು ಆರಿಸಿಕೊಳ್ಳುವುದು ಒಳಿತು.

ಆ ದಶಕದ ತಟ್ಟೆಗಳ ಬೆಲೆಯನ್ನು ಅಳೆಯಲು ಅಬ್ದುಲ್ ಕರೀಂ ಖಾನ್ ಅವರ ಮುದ್ರಣಗಳನ್ನು ನೋಡಿದರೆ ಸಾಕು. ಕಿರಾಣಾ ಘರಾಣೆಯ ಈ ಮಹಾಗಾಯಕರು ಮೀರಜಿನಲ್ಲಿ ನೆಲೆಸಿ ಧಾರವಾಡ ಸೀಮೆಗೂ ಮೈಸೂರು ಆಸ್ಥಾನಕ್ಕೂ ಬಂದುಹೋಗುತ್ತಿದ್ದವರು, ಕುಂದಗೋಳದ ಸವಾಯಿ ಗಂಧರ್ವರ ಗುರುಗಳು, ಕರ್ನಾಟಕ ಪದ್ಧತಿಯನ್ನು ಆದರದಿಂದ ಆಲಿಸಿ ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ತಟ್ಟೆಯಲ್ಲಿ ಹಾಡಿದವರು. 1937ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಅವರು ಕೊಟ್ಟ ಮುದ್ರಣಗಳಲ್ಲಿ ಮೂರೇ ನಿಮಿಷಗಳ ಒಳಗೆ ರಾಗದ ಮುಖವೆಲ್ಲ ಕಾಣುವಷ್ಟು ಸ್ವರಶುದ್ಧಿಯಿದೆ, ಅವಸರದ ಸುಳಿವು ಮಾತ್ರ ಎಲ್ಲಿಯೂ ಇಲ್ಲ. ಗದಗಿನ ಅಂಗಡಿಯೊಂದರಲ್ಲಿ ಅವರ ಝಿಂಝೋಟಿ ಠುಮ್ರಿಯ ತಟ್ಟೆಯನ್ನು ಕೇಳಿದ ಬಾಲಕ ಭೀಮಸೇನ ಜೋಶಿ, ಹಾಗೆಯೇ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟು, ಉತ್ತರದ ಊರುಗಳನ್ನು ಸುತ್ತಿ ಕೊನೆಗೆ ಸವಾಯಿ ಗಂಧರ್ವರ ಬಳಿ ಸೇರಿದ ಸಂಗತಿ ಪ್ರಸಿದ್ಧವಾಗಿದೆ. ಚಿಕ್ಕ ಮುದ್ರಣವೆಂದು ಅದನ್ನು ಕೀಳಾಗಿ ಎಣಿಸುವವರು ಇದನ್ನು ನೆನೆಯಬೇಕು. ಹೊಸಬರ ಗಮನ ನಿಲ್ಲುವ ಅವಧಿಯೂ ಮೊದಮೊದಲು ಸರಿಸುಮಾರು ಅಷ್ಟೇ ಆಗಿರುವುದರಿಂದ, ಒಂದೇ ತಟ್ಟೆಯನ್ನು ಒಂದೇ ಕೂತಿನಲ್ಲಿ ನಾಲ್ಕೈದು ಸಲ ಕೇಳುವುದು ಒಂದು ಗಂಟೆಯ ಕಚೇರಿಯನ್ನು ಒಮ್ಮೆ ಕೇಳುವುದಕ್ಕಿಂತ ಹೆಚ್ಚನ್ನು ಕಲಿಸುತ್ತದೆ.

ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಹೊರತಂದ, ನಿಮಿಷಕ್ಕೆ ಮೂವತ್ತಮೂರೂಕಾಲು ಸುತ್ತಿಗಿಂತ ತುಸುವೇ ಹೆಚ್ಚು ತಿರುಗುವ ಲಾಂಗ್‌ಪ್ಲೇ ತಟ್ಟೆ, ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಅವಕಾಶವನ್ನು ಕೊಟ್ಟಿತು. ಹಿಂದೂಸ್ತಾನಿ ಪದ್ಧತಿಯ ವಿಲಂಬಿತ ಖ್ಯಾಲ್, ಎಂದರೆ ಅತಿ ನಿಧಾನ ಲಯದಲ್ಲಿ ರಾಗವನ್ನು ಸ್ವರದಿಂದ ಸ್ವರಕ್ಕೆ ಏರಿಸುತ್ತ ಬೆಳೆಸುವ ಗಾಯನ, ತಟ್ಟೆಯಲ್ಲಿ ಮೊದಲ ಬಾರಿಗೆ ತನ್ನ ಸಹಜ ನಡಿಗೆಗೆ ಹತ್ತಿರವಾದದ್ದು ಆಗಲೇ. ಒಂದು ಮಗ್ಗುಲಿಗೆ ಮಾರ್ವಾ, ಇನ್ನೊಂದಕ್ಕೆ ದರಬಾರಿ ಇರುವ ಅಮೀರ್ ಖಾನ್ ಅವರ ತಟ್ಟೆಯನ್ನು ಈ ರೂಪದ ಶಿಖರಗಳಲ್ಲಿ ಒಂದೆಂದು ರಸಿಕರು ಇಂದಿಗೂ ಎಣಿಸುತ್ತಾರೆ. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟು, ಅಂದರೆ ಧ್ವನಿಸುರುಳಿ, ನಮ್ಮಲ್ಲಿ ಮನೆಮನೆಗೂ ತಲುಪಿದ ಮೇಲೆ ಸಭೆಗಳಲ್ಲಿ ಕುಳಿತ ಕೇಳುಗರೇ ಇಡೀ ಕಚೇರಿಗಳನ್ನು ಹಿಡಿದಿಟ್ಟುಕೊಳ್ಳಲು ತೊಡಗಿದರು. 1982ರಲ್ಲಿ ಬಂದ ಸಿ.ಡಿ. ಮತ್ತು ಅನಂತರದ ಕಡತರೂಪದ ಸಂಗೀತದೊಂದಿಗೆ ಅವಧಿಯ ಮಿತಿ ಬಹುಮಟ್ಟಿಗೆ ಇಲ್ಲವಾಯಿತು. ಈ ಚರಿತ್ರೆ ಸಾಗಿದ ಕ್ರಮವೇ ಹೊಸ ಕೇಳುಗರಿಗೆ ಕಲಿಕೆಯ ಕ್ರಮವೂ ಆಗಬಲ್ಲದು: ಮೊದಲು ಮೂರು ನಿಮಿಷದ ತಟ್ಟೆ, ಅನಂತರ ಇಪ್ಪತ್ತು ನಿಮಿಷದ ಮಗ್ಗುಲು, ಆಮೇಲೆ ಪೂರ್ಣ ಕಚೇರಿ.

ಇನ್ನು ರಾಗದ ಆಯ್ಕೆ. ಕರ್ನಾಟಕ ಪದ್ಧತಿಯ ಕಲ್ಯಾಣಿ ಮತ್ತು ಹಿಂದೂಸ್ತಾನಿ ಪದ್ಧತಿಯ ಯಮನ್ ಒಂದೇ ಸ್ವರಸಮೂಹವನ್ನು ಹಂಚಿಕೊಂಡಿರುವುದರಿಂದಲೂ, ಎರಡು ಪದ್ಧತಿಗಳಲ್ಲೂ ಇವಕ್ಕೆ ಪ್ರಧಾನವಾದ ಸ್ಥಾನವಿದ್ದು ಮುದ್ರಣಗಳು ಹೇರಳವಾಗಿರುವುದರಿಂದಲೂ, ಮೊದಲ ರಾಗವಾಗಿ ಇದಕ್ಕಿಂತ ತಕ್ಕದ್ದು ಸಿಗಲಾರದು. ಎಪ್ಪತ್ತೆರಡು ಮೇಳಕರ್ತಗಳಲ್ಲಿ, ಅಂದರೆ ಏಳು ಸ್ವರಗಳನ್ನೂ ಕ್ರಮವಾಗಿ ಹೊಂದಿದ್ದು ಇತರ ರಾಗಗಳಿಗೆ ತಾಯಿಯೆಂದು ಎಣಿಸಲಾಗುವ ರಾಗಗಳಲ್ಲಿ, ಮೇಚಕಲ್ಯಾಣಿ 65ನೆಯದು. ಷಡ್ಜ ಪಂಚಮಗಳೊಡನೆ ಚತುಃಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿಮಧ್ಯಮ, ಚತುಃಶ್ರುತಿ ಧೈವತ, ಕಾಕಲಿ ನಿಷಾದ ಇದರ ಸ್ವರಗಳು. ಇವುಗಳಲ್ಲಿ ಪ್ರತಿಮಧ್ಯಮವೇ, ಹಿಂದೂಸ್ತಾನಿಯವರು ತೀವ್ರ ಮಧ್ಯಮವೆನ್ನುವುದೇ, ರಾಗಕ್ಕೆ ಹೊಳಪನ್ನು ಕೊಡುವ ಸ್ವರ. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇನೂ ಇಲ್ಲ. ಶಂಕರಾಭರಣದ ಒಂದು ಮುದ್ರಣವನ್ನು ಕಲ್ಯಾಣಿಯ ಬೆನ್ನಿಗೇ ಕೇಳಿದರೆ, ಇವೆರಡರ ನಡುವಣ ಸ್ವರಭೇದ ಮಧ್ಯಮವೊಂದರಲ್ಲಿ ಮಾತ್ರ ಇರುವುದರಿಂದ, ಆ ಒಂದೇ ಸ್ವರ ಎಷ್ಟು ದೊಡ್ಡ ಪಲ್ಲಟವನ್ನು ಉಂಟುಮಾಡುತ್ತದೆಂಬುದು ಲಕ್ಷಣಗ್ರಂಥದ ನೆರವಿಲ್ಲದೆಯೇ ಅನುಭವಕ್ಕೆ ಬರುತ್ತದೆ.

ಕಲ್ಯಾಣಿಯ ಮುದ್ರಣಗಳನ್ನು ಕೂಡಿಸುವಾಗ ರಚನೆಯಿಂದ ಮೊದಲುಮಾಡಿ ಆಲಾಪನೆಯ ಕಡೆಗೆ ಹೋಗುವುದು ಅನುಕೂಲ. ಸಂಗೀತದ ತ್ರಿಮೂರ್ತಿಗಳೆನಿಸಿದ ಮೂವರೂ ಈ ರಾಗದಲ್ಲಿ ಶ್ರೇಷ್ಠ ಕೃತಿಗಳನ್ನು ರಚಿಸಿದ್ದಾರೆ: ತ್ಯಾಗರಾಜರ ‘ನಿಧಿ ಚಾಲ ಸುಖಮಾ’, ಮುತ್ತುಸ್ವಾಮಿ ದೀಕ್ಷಿತರ ಕಮಲಾಂಬಾ ನವಾವರಣ ಕೃತಿಗಳಲ್ಲಿ ಸೇರಿದ ‘ಕಮಲಾಂಬಾಂ ಭಜರೇ’, ಶ್ಯಾಮಾಶಾಸ್ತ್ರಿಗಳ ‘ಹಿಮಾದ್ರಿಸುತೇ’. ಈ ಮೂರರ ಒಂದೊಂದು ಮುದ್ರಣ ಕೈಸೇರಿದರೆ, ಸಂಗತಿಗಳ ಮೂಲಕ, ಅಂದರೆ ಒಂದೇ ಸಾಲನ್ನು ಹಂತಹಂತವಾಗಿ ಹೆಚ್ಚು ಹೆಚ್ಚು ಅಲಂಕರಿಸುತ್ತ ಹಾಡುವುದರ ಮೂಲಕ, ರಾಗವನ್ನು ಬಿಡಿಸುವ ತ್ಯಾಗರಾಜರ ಕ್ರಮಕ್ಕೂ, ವೀಣೆಯ ಮೇಲಣ ಜಾರುಗಳನ್ನು ನೆನಪಿಗೆ ತರುವ ದೀಕ್ಷಿತರ ನಿಧಾನಗತಿಗೂ ಇರುವ ಅಂತರ ಒಂದೇ ರಾಗದ ಆವರಣದಲ್ಲಿ ನಿಚ್ಚಳವಾಗುತ್ತದೆ. ಬೇರೆ ಬೇರೆ ರಾಗಗಳ ಕೃತಿಗಳನ್ನು ಕೇಳಿ ವಾಗ್ಗೇಯಕಾರರನ್ನು ಹೋಲಿಸಹೊರಟರೆ, ಕೇಳಿಸಿದ ವ್ಯತ್ಯಾಸ ರಾಗದ್ದೋ ರಚನಕಾರರದೋ ಎಂದು ಹೊಸ ಕಿವಿ ಗೊಂದಲಕ್ಕೀಡಾಗುವುದು ಖಂಡಿತ. ಕಲ್ಯಾಣಿಯ ಈ ಮೂರು ಕೃತಿಗಳು ಪರಿಚಯವಾದ ಬಳಿಕ ಅವುಗಳಲ್ಲಿ ಒಂದನ್ನು ಇನ್ನಿಬ್ಬರ ಕಂಠದಲ್ಲಿ ಹುಡುಕಿ ಸೇರಿಸಿದರೆ ಪಾಠಾಂತರದ ವಿಚಾರ, ಎಂದರೆ ಗುರುಪರಂಪರೆಯಿಂದ ಗುರುಪರಂಪರೆಗೆ ಕೃತಿಯ ಧಾತು ಬದಲಾಗುವ ವಿಚಾರ, ತಾನಾಗಿ ತೆರೆದುಕೊಳ್ಳುತ್ತದೆ.

ಆಲಾಪನೆಗೆ ಬಂದಾಗ ಸ್ವಭಾವದಲ್ಲಿ ಪರಸ್ಪರ ದೂರವಿರುವ ಕಲಾವಿದರನ್ನೇ ಬೇಕೆಂದು ಆರಿಸಬೇಕು. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಮಿಂಚಿನಂಥ ಬಿರ್ಕಾಗಳು, ಅಂದರೆ ಅತಿವೇಗದ ಸ್ವರಗುಚ್ಛಗಳು, ಒಂದು ಕಡೆಗೂ, ಮಂದ್ರಸ್ಥಾಯಿಯಲ್ಲಿ ಒಂದೊಂದು ಸ್ವರವನ್ನೂ ತೂಗಿ ನಿಲ್ಲಿಸುವ ಎಂ.ಡಿ. ರಾಮನಾಥನ್ ಅವರ ಸಾವಧಾನ ಇನ್ನೊಂದು ಕಡೆಗೂ ಇದ್ದರೆ, ನಡುವೆ ವೀಣೆ ದೊರೆಸ್ವಾಮಿ ಅಯ್ಯಂಗಾರರ ವಾದನವನ್ನು ಇಡಬಹುದು. ಮೈಸೂರು ಬಾನಿಯ ಮೀಟುಗಳ ಸ್ಪಷ್ಟತೆಯಿಂದಾಗಿ, ಸ್ವರ ಎಲ್ಲಿ ಹುಟ್ಟಿ ಎಲ್ಲಿಗೆ ಸರಿಯಿತೆಂಬುದನ್ನು ಹಿಂಬಾಲಿಸಲು ಹೊಸಬರಿಗೆ ಕಂಠಕ್ಕಿಂತ ವೀಣೆ ಎಷ್ಟೋ ಸಲ ಸುಲಭವಾಗುತ್ತದೆ. ಅನಂತರ ಯಮನ್. ಇದರ ಆರೋಹಣದಲ್ಲಿ ಷಡ್ಜವನ್ನೂ ಪಂಚಮವನ್ನೂ ದಾಟಿಕೊಂಡು ಹೋಗುವುದು ವಾಡಿಕೆ. ಕಲ್ಯಾಣಿಯಲ್ಲಿಯೂ ಈ ಎರಡು ಸ್ವರಗಳನ್ನು ಬಿಟ್ಟು ಮಾಡುವ ಪ್ರಯೋಗಗಳು ಬಹು ಚೆಲುವಾದವು. ಆದರೆ ಕಲ್ಯಾಣಿಯ ಗಾಂಧಾರ ನಿಷಾದಗಳು ಗಮಕದಿಂದ, ಅಂದರೆ ಸ್ವರವನ್ನು ತೂಗುವ ಕಂಪನದಿಂದ, ಜೀವತಳೆಯುವಲ್ಲಿ, ಯಮನ್ನಿನ ಗಾಂಧಾರ ಅಲುಗದೆ ನಿಂತು ತಂಬೂರಿಯ ನಾದದೊಳಗೆ ಕರಗುತ್ತದೆ. ವಿಲಾಯತ್ ಖಾನ್ ಅವರ ಸಿತಾರಿನಲ್ಲಿ ಅಥವಾ ಜಿಯಾ ಮೊಹಿಯುದ್ದೀನ್ ಡಾಗರ್ ಅವರ ರುದ್ರವೀಣೆಯಲ್ಲಿ ಯಮನ್ ಕೇಳಿ, ಆ ಕೂಡಲೇ ದೊರೆಸ್ವಾಮಿ ಅಯ್ಯಂಗಾರರ ಕಲ್ಯಾಣಿಗೆ ಮರಳಿದವರಿಗೆ, ಎರಡು ಪದ್ಧತಿಗಳ ಭೇದವನ್ನು ಕುರಿತ ಅನೇಕ ಪುಟಗಳ ವಿವರಣೆಯ ಅಗತ್ಯ ಉಳಿಯುವುದಿಲ್ಲ. ಇಷ್ಟೆಲ್ಲ ಸೇರಿದರೂ ಸಂಗ್ರಹದ ಗಾತ್ರ ಹತ್ತು ಹನ್ನೆರಡು ಮುದ್ರಣಗಳನ್ನು ಮೀರುವುದಿಲ್ಲ ಎಂಬುದನ್ನು ಗಮನಿಸಬೇಕು.

ಎರಡು ಪದ್ಧತಿಗಳ ನಡುವೆ ಹೀಗೆ ಓಡಾಡುವಾಗ ಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಯ ಸ್ವರಗಳಿಗೆ ಹೊಂದುತ್ತವೆಯೇ ಹೊರತು ಅಲ್ಲಿಯ ತೋಡಿಗಲ್ಲ. ಅಲ್ಲಿಯ ತೋಡಿಗೆ ಸಮೀಪವಾದದ್ದು ಇಲ್ಲಿಯ ಶುಭಪಂತುವರಾಳಿ. ಅದೇ ರೀತಿ ಇಲ್ಲಿಯ ಹಿಂದೋಳ ಅಲ್ಲಿಯ ಮಾಲಕಂಸವಾಗಿದ್ದು, ಅಲ್ಲಿ ಹಿಂಡೋಲ್ ಎನ್ನುವುದು ತೀರ ಬೇರೆಯ ರಾಗ.

ಕಲಾವಿದರನ್ನು ಆರಿಸುವ ವಿಷಯದಲ್ಲಿ ಕನ್ನಡನಾಡಿನ ಕೇಳುಗರಿಗೆ ಒಂದು ಭಾಗ್ಯವಿದೆ. ಎರಡೂ ಪದ್ಧತಿಗಳು ಒಂದೇ ನಾಡಿನಲ್ಲಿ ಬೇರುಬಿಟ್ಟು ಎರಡರಲ್ಲೂ ಮೊದಲ ಸಾಲಿನ ಕಲಾವಿದರು ಇಷ್ಟು ದಟ್ಟವಾಗಿ ಬೆಳೆದ ಬೇರೆ ಪ್ರದೇಶವನ್ನು ಹುಡುಕುವುದು ಕಷ್ಟ. ಪಕ್ಕವಾದ್ಯದ ಪಿಟೀಲಿನ ನಾದ ದೊಡ್ಡ ಸಭೆಗೆ ತುಂಬುವಂತಾಗಲೆಂದು ಅದಕ್ಕೆ ಏಳು ತಂತಿಗಳನ್ನು ಅಳವಡಿಸಿಕೊಂಡ ಟಿ. ಚೌಡಯ್ಯ, ಉಚ್ಚಾರದ ಶುದ್ಧಿಗೂ ಪಾಠದ ನಿಖರತೆಗೂ ಹೆಸರಾದ ಆರ್.ಕೆ. ಶ್ರೀಕಂಠನ್ ಇತ್ತ ಕಡೆ ಇದ್ದರೆ, ಅತ್ತ ಧಾರವಾಡ ಹುಬ್ಬಳ್ಳಿಗಳ ಸೀಮೆಯಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇದ್ದಾರೆ. ಇವರಲ್ಲಿ ಮನ್ಸೂರರ ಮುದ್ರಣಗಳು ಸಂಗ್ರಹಕಾರರಿಗೆ ವಿಶೇಷ ಪಾಠವನ್ನು ಕಲಿಸುತ್ತವೆ. ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಗಾಯಕಿಯನ್ನು ಕಲಿತು, ಆಮೇಲೆ ಮಂಜಿಖಾನ್ ಮತ್ತು ಭುರ್ಜಿಖಾನ್ ಅವರಿಂದ ಜೈಪುರ ಅತ್ರೌಲಿ ಘರಾಣೆಯ ವಿದ್ಯೆಯನ್ನು ಪಡೆದ ಅವರ ಆರಂಭದ ತಟ್ಟೆಗಳನ್ನೂ ಮುಪ್ಪಿನ ಕಾಲದ ಮುದ್ರಣಗಳನ್ನೂ ಜೊತೆಗಿಟ್ಟು ಕೇಳಿದರೆ, ಒಂದು ಜೀವಮಾನದಲ್ಲಿ ಗಾಯನ ಎಷ್ಟು ಒಳಮುಖವಾಗಿ ಮಾಗಬಲ್ಲದು ಎಂಬುದು ತಿಳಿಯುತ್ತದೆ. ಗಂಗೂಬಾಯಿಯವರ ವಿಷಯದಲ್ಲಂತೂ ಎಳೆಯ ವಯಸ್ಸಿನ ತಟ್ಟೆಗಳ ತೆಳುವಾದ ದನಿಗೂ, ನಾಡು ಮುಂದೆ ಅರಿತ ಗಂಭೀರವಾದ ಭಾರದ ದನಿಗೂ ಇರುವ ಅಂತರ, ಹಾಡಿದವರು ಒಬ್ಬರೇ ಎಂದು ನಂಬುವುದಕ್ಕೆ ಆಗದಷ್ಟು ದೊಡ್ಡದು.

ಅಂಗಡಿಗೆ ಬಂದ ತಟ್ಟೆಗಳಾಚೆ ಇರುವ ದೊಡ್ಡ ನಿಧಿ ಆಕಾಶವಾಣಿಯದು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಉತ್ಸಾಹದಿಂದ ಆರಂಭಿಸಿದ ಬಾನುಲಿ ನಿಲಯದಿಂದ ಮೊದಲಾಗಿ, ಧಾರವಾಡ ಮತ್ತು ಬೆಂಗಳೂರು ನಿಲಯಗಳ ಮೂಲಕ ಈ ನಾಡಿನ ಬಹುಪಾಲು ವಿದ್ವಾಂಸರ ಸಂಗೀತ ಬಾನುಲಿಗೆ ಸಂದಿದೆ. 1952ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಇಡೀ ದೇಶದ ಗಾಯಕ ವಾದಕರನ್ನು ಎಲ್ಲ ಊರುಗಳ ಕೇಳುಗರಿಗೂ ತಲುಪಿಸಿತು. ಬಾನುಲಿಯ ಮುದ್ರಣದಲ್ಲಿ ಸಭೆಯ ಚಪ್ಪಾಳೆಯ ಪ್ರೇರಣೆ ಇಲ್ಲದಿರುವುದು ನಿಜವಾದರೂ, ಮಾರಾಟದ ಒತ್ತಡವೂ ಇಲ್ಲದ್ದರಿಂದ ಕಲಾವಿದರು ಅಪರೂಪದ ರಾಗಗಳನ್ನು ನಿಶ್ಚಿಂತೆಯಿಂದ ಹಾಡಿದ್ದಾರೆ. ಈ ಭಂಡಾರದ ಒಂದು ಪಾಲನ್ನು ಆಕಾಶವಾಣಿಯೇ ಸಿ.ಡಿ.ಗಳಾಗಿ ಹೊರತಂದಿದೆ. 2016ರಿಂದ ಬೆಂಗಳೂರಿನಿಂದ ಪ್ರಸಾರವಾಗುತ್ತಿರುವ ‘ರಾಗಂ’ ವಾಹಿನಿ ಎರಡು ಪದ್ಧತಿಗಳ ಸಂಗೀತವನ್ನೂ ಕೇಳಿಸುತ್ತದೆ. ಹಣ ಕೊಟ್ಟು ಕೊಳ್ಳುವ ಮೊದಲು ಕೆಲವು ತಿಂಗಳು ಅದನ್ನು ಆಲಿಸುವುದು, ತನ್ನ ಕಿವಿ ಯಾವ ದನಿಯ ಕಡೆಗೆ ವಾಲುತ್ತದೆಂಬುದನ್ನು ಅರಿಯಲು ನೆರವಾಗುತ್ತದೆ.

ಸಂಗ್ರಹಕ್ಕೆ ಬಂದ ಪ್ರತಿಯೊಂದು ಮುದ್ರಣಕ್ಕೂ ಬರವಣಿಗೆಯ ಒಂದು ದಾಖಲೆ ಇರಲೇಬೇಕು. ಗಾಯಕರ ಹೆಸರು, ರಾಗ, ತಾಳ, ರಚನೆ, ವರ್ಷ, ಮುದ್ರಣವಾದ ಸ್ಥಳ ಇವುಗಳ ಜೊತೆಗೆ ಪಕ್ಕವಾದ್ಯದವರ ಹೆಸರುಗಳನ್ನು ಬರೆದಿಡುವುದು ಕಡ್ಡಾಯವೆಂದೇ ತಿಳಿಯಬೇಕು. ಪಿಟೀಲು ಮೃದಂಗಗಳವರ, ಸಾರಂಗಿ ತಬಲಾದವರ ಹೆಸರುಗಳು ಹಳೆಯ ತಟ್ಟೆಗಳ ಚೀಟಿಗಳಲ್ಲಿ ಅಚ್ಚಾಗದೆ ಹೋಗಿರುವುದರಿಂದ ಎಷ್ಟೋ ಉತ್ತಮ ಕಲಾವಿದರು ಇಂದು ಅಜ್ಞಾತರಾಗಿ ಉಳಿದಿದ್ದಾರೆ. ಈ ಅನ್ಯಾಯವನ್ನು ಮನೆಯ ಸಂಗ್ರಹಕಾರರು ಮುಂದುವರಿಸಬಾರದು. ಹಳೆಯ ತಟ್ಟೆಗಳಿಂದ ಇಳಿಸಿಕೊಂಡ ಮುದ್ರಣಗಳಲ್ಲಿ ವೇಗವನ್ನೂ ಪರೀಕ್ಷಿಸಬೇಕಾಗುತ್ತದೆ. ನಿಮಿಷಕ್ಕೆ 78 ಸುತ್ತು ಎಂಬ ಲೆಕ್ಕ ಎಲ್ಲ ಕಾಲಕ್ಕೂ ಎಲ್ಲ ಕಂಪನಿಗಳಿಗೂ ಒಂದೇ ತೆರನಾಗಿರಲಿಲ್ಲ. ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಸುಮಾರು ಒಂದು ಸ್ವರಸ್ಥಾನದಷ್ಟು ಮೇಲೇರಿ, ಗಾಯಕರ ದನಿ ಇದ್ದುದಕ್ಕಿಂತ ತೆಳುವಾಗಿ ಕೇಳಿಸುತ್ತದೆ. ಕಡತಗಳನ್ನು ಅತಿಯಾಗಿ ಕುಗ್ಗಿಸಿದರೆ ಮೊದಲು ಕೆಡುವುದು ತಂಬೂರಿಯ ಜೀವಾಳದ ನಾದ, ಎಂದರೆ ಕುದುರೆಯ ಮೇಲಿಟ್ಟ ನೂಲಿನೆಳೆಯಿಂದ ಹೊಮ್ಮುವ ಝೇಂಕಾರ. ಜಾಗದ ಉಳಿತಾಯಕ್ಕಾಗಿ ಅದನ್ನು ಬಲಿಕೊಡುವುದು ಸರಿಯಲ್ಲ.

ಉಳಿದ ನಿಯಮಗಳು ಸರಳವಾದವು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಬೇಕು, ಧ್ವನಿಸುರುಳಿಗಳನ್ನು ಅಯಸ್ಕಾಂತವಿರುವ ಸ್ಪೀಕರುಗಳಿಂದ ದೂರವಿಡಬೇಕು, ಕಡತಗಳಿಗೆ ಬೇರೊಂದು ಸ್ಥಳದಲ್ಲಿ ಎರಡನೆಯ ಪ್ರತಿ ಇರಬೇಕು. ಭಾರತದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಧ್ವನಿಮುದ್ರಣದ ಮೇಲಿನ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುವುದರಿಂದ, ಹಳೆಯ ತಟ್ಟೆಗಳನ್ನು ಹಂಚಿಕೊಳ್ಳುವಷ್ಟು ಸ್ವಾತಂತ್ರ್ಯ ಈಚಿನ ಮುದ್ರಣಗಳಿಗಿಲ್ಲ. ಜೀವಂತ ಕಲಾವಿದರ ಸಂಗೀತವನ್ನು ಕೊಂಡೇ ಕೇಳುವುದು ಧರ್ಮ.

ಕಲ್ಯಾಣಿಯನ್ನು ಹೆಸರು ನೋಡದೆ ಗುರುತಿಸುವಷ್ಟು ಕಿವಿ ಪಳಗಿದ ಮೇಲೆ ಎರಡನೆಯ ರಾಗಕ್ಕೆ ಹೋಗಬಹುದು. ಅದು ಮೋಹನ, ಹಿಂದೂಸ್ತಾನಿಯ ಭೂಪ್, ಆಗಿದ್ದರೆ ಒಳ್ಳೆಯದು. ಕಲ್ಯಾಣಿಯ ಏಳು ಸ್ವರಗಳಲ್ಲಿ ಮಧ್ಯಮ ನಿಷಾದಗಳನ್ನು ಬಿಟ್ಟು ಉಳಿದ ಐದೇ ಇಲ್ಲಿ ಇರುವುದರಿಂದ, ಪ್ರತಿಮಧ್ಯಮದ ಹೊಳಪಿಗೆ ಒಗ್ಗಿದ ಕಿವಿ ಅದರ ಗೈರುಹಾಜರಿಯನ್ನೂ ಕೇಳಿಸಿಕೊಳ್ಳುತ್ತದೆ. ಕಿಶೋರಿ ಅಮೋಣಕರ್ ಅವರ ಭೂಪ್ ಈ ಹಂತದಲ್ಲಿ ಸಂಗ್ರಹಕ್ಕೆ ಸೇರಬೇಕಾದ ಮುದ್ರಣ. ಭೂಪ್‌ನ ಪಕ್ಕದಲ್ಲಿ ದೇಶ್‌ಕಾರ್ ರಾಗವನ್ನು ಇರಿಸಬೇಕು. ಎರಡರ ಸ್ವರಗಳೂ ಅವೇ ಐದು; ಆದರೆ ಭೂಪ್ ಗಾಂಧಾರದಲ್ಲಿ ನೆಲೆನಿಂತು ಸಂಜೆಯ ರಾಗವಾಗಿ, ದೇಶ್‌ಕಾರ್ ಧೈವತವನ್ನು ಆಶ್ರಯಿಸಿ ಬೆಳಗಿನ ರಾಗವಾಗಿ ಬೇರೆ ಬೇರೆ ಬದುಕನ್ನು ಬದುಕುತ್ತವೆ. ಈ ಭೇದ ಕಿವಿಗೆ ದಕ್ಕಿದ ನಂತರ ಟಿ.ಎನ್. ರಾಜರತ್ನಂ ಪಿಳ್ಳೆಯವರ ನಾಗಸ್ವರದ ತೋಡಿ ಆಲಾಪನೆಯನ್ನು ತರಿಸಿಕೊಂಡು ಮೂರನೆಯ ರಾಗವನ್ನು ಆರಂಭಿಸಬಹುದು.